ಹದಿಹರೆಯದವರನ್ನು ಉಗ್ರವಾದದಿಂದ ಕಾಪಾಡುವ ಆಟ: ಅನುಭವವಿದ್ದವರು ತಿಳಿಸಿ

ಕೋರಿಕೆ: ಒಂಬತ್ತು, ಹತ್ತನೆಯ ತರಗತಿಯ ಮಕ್ಕಳು ಹಿಂಸೆಗೆ ಇಳಿಯುವ ಉಗ್ರವಾದಿ ಗುಂಪುಗಳ ಗಾಳಕ್ಕೆ ಬೀಳದಂತೆ ಎಚ್ಚರಿಸುವ ಆಟವೊಂದನ್ನು ಕನ್ನಡದಲ್ಲಿ ರೂಪಿಸುತ್ತಿದ್ದೇನೆ. ಆಡುವ ಮಗುವಿಗೆ ಯಾವ ಪಾತ್ರ ಕೊಡಬೇಕು? ನಿಜವಾದ ಸಂಘಟನೆಗಳನ್ನು ಕಥೆಯಲ್ಲಿ ಬಳಸಬಹುದೇ?

ಆಟಗಳ ವಿನ್ಯಾಸಕರೊಬ್ಬರು: ಗಾಳ ಹಾಕುವವನ ಪಾತ್ರವನ್ನೇ ಕೊಡಿ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರ 'ರ‍್ಯಾಡಿಕಲೈಸ್' ಆಟದಲ್ಲಿ, ಆಡುವವರು ಧ್ರುವಪ್ರದೇಶದ ಹಿಮವನ್ನೇ ಸ್ಫೋಟಿಸಲು ಹೊರಟ ಕಾಲ್ಪನಿಕ ಸಂಘಟನೆಯೊಂದಕ್ಕೆ ಜನರನ್ನು ಸೇರಿಸುತ್ತ, ಸುಲಭವಾಗಿ ಸಿಕ್ಕಬಲ್ಲವರನ್ನು ಗುರುತಿಸುವುದು, ವಿಶ್ವಾಸ ಗಳಿಸುವುದು, ಆಪ್ತರಿಂದ ದೂರ ಮಾಡುವುದು, ಕೃತ್ಯಕ್ಕೆ ಅಣಿಗೊಳಿಸುವುದು ಎಂಬ ನಾಲ್ಕು ಹಂತಗಳನ್ನು ದಾಟುತ್ತಾರೆ. ದುರ್ಬಲಗೊಳಿಸಿದ ರೋಗಾಣುವಿನಿಂದ ದೇಹ ಸಜ್ಜಾಗುವಂತೆ ಮನಸ್ಸನ್ನೂ ಮರುಳುಮಾತಿನ ವಿರುದ್ಧ ಮೊದಲೇ ಸಜ್ಜುಗೊಳಿಸಬಹುದೆಂದು ಮನೋವಿಜ್ಞಾನಿ ವಿಲಿಯಂ ಮೆಗ್ವೈರ್ 1960ರ ದಶಕದಲ್ಲಿ ಮಂಡಿಸಿದ ಸಿದ್ಧಾಂತವೇ ಇದರ ತಳಹದಿ. ಸಂಘಟನೆ ಇಷ್ಟು ಅಸಂಬದ್ಧವಾಗಿದ್ದರೆ ತರಗತಿಯ ಯಾವ ಮಗುವಿಗೂ ತನ್ನ ಜಾತಿ, ಧರ್ಮದ ಕಡೆಗೆ ಬೆರಳು ತೋರಿಸಿದಂತೆ ಅನ್ನಿಸುವುದಿಲ್ಲ. ಇದೊಂದೇ ಕಾರಣಕ್ಕಾದರೂ ನಿಜವಾದ ಹೆಸರು, ಲಾಂಛನ, ಘೋಷಣೆಗಳನ್ನು ಕೈಬಿಡಿ. ಆದರೆ 'ರ‍್ಯಾಡಿಕಲೈಸ್' ಆಟದ ಪರಿಣಾಮವನ್ನು ಅಳೆಯಲು ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿದ್ದ 291 ಮಂದಿಯೂ ವಯಸ್ಕರು. ಅದರ ಫಲಿತಾಂಶವನ್ನು ಹದಿನಾಲ್ಕರ ಮಕ್ಕಳಿಗೆ ಹಾಗೆಯೇ ಅನ್ವಯಿಸಲಾಗದು.

ಪ್ರೌಢಶಾಲಾ ಶಿಕ್ಷಕಿಯೊಬ್ಬರು: ನಮ್ಮಲ್ಲಿ ಮೊಬೈಲಿಗೆ ಅವಕಾಶವಿಲ್ಲದ್ದರಿಂದ ಇದೇ ನಾಲ್ಕು ಹಂತಗಳನ್ನು ರಟ್ಟಿನ ಚೀಟಿಗಳ ಮೇಲೆ ಬರೆದು ಆಡಿಸಿದೆವು. ಮೊದಲೆರಡು ಹಂತಗಳಲ್ಲಿ ತರಗತಿಯೆಲ್ಲ ನಗುತ್ತಿತ್ತು. ಮೂರನೆಯ ಹಂತದಲ್ಲಿ "ನಿನ್ನ ಗೆಳೆಯರಿಗೆ ಇದೆಲ್ಲ ಅರ್ಥವಾಗುವುದಿಲ್ಲ, ಅಮ್ಮನಿಗಂತೂ ಹೇಳಲೇಬೇಡ" ಎಂಬ ಚೀಟಿ ಬಂದಾಗ ಹುಡುಗಿಯೊಬ್ಬಳು ಇಂಥದೇ ಮಾತನ್ನು ವಾಟ್ಸಾಪ್ ಗುಂಪೊಂದರಲ್ಲಿ ಓದಿದ್ದೇನೆ ಎಂದಳು. ಅಲ್ಲಿಂದ ಮುಂದೆ ಆಟಕ್ಕಿಂತ ಮಾತುಕತೆಯೇ ಹೆಚ್ಚು ನಡೆಯಿತು. ಆದ್ದರಿಂದ ಒಂದು ಪೀರಿಯಡ್ಡಿನ ಅರ್ಧದಷ್ಟನ್ನಾದರೂ ಚರ್ಚೆಗೆ ಬಿಡಿ, ನಾಲ್ಕನೆಯ ಹಂತವನ್ನು ಚುಟುಕಾಗಿ ಮುಗಿಸಿ. ಕೃತ್ಯದ ವಿವರ ಮಕ್ಕಳಿಗೆ ಬೇಕಾಗಿಯೇ ಇಲ್ಲ. ಗುಂಪಿಲ್ಲದೆ ಒಂಟಿಯಾಗಿರುವ ಮಗುವಿಗೆ ಬಲಿಯಾಗುವವನ ಪಾತ್ರವನ್ನು ಮಾತ್ರ ಅಪ್ಪಿತಪ್ಪಿಯೂ ಕೊಡಬೇಡಿ.

ಮೌಲ್ಯಮಾಪನದ ಕೆಲಸ ಮಾಡುವವರೊಬ್ಬರು: ಇದೇ ಸಿದ್ಧಾಂತದ ಮೇಲೆ ರೂಪಿಸಿದ, ಸುಳ್ಳುಸುದ್ದಿಯ ಕುರಿತ 'ಬ್ಯಾಡ್ ನ್ಯೂಸ್' ಮೊದಲಾದ ಆಟಗಳ ದತ್ತಾಂಶವನ್ನು 2023ರಲ್ಲಿ ಮರುವಿಶ್ಲೇಷಿಸಿದ ಸಂಶೋಧಕರು, ಆಡಿದವರಲ್ಲಿ ಸುಳ್ಳು ನಿಜಗಳನ್ನು ಬೇರ್ಪಡಿಸುವ ಶಕ್ತಿ ಹೆಚ್ಚುವ ಬದಲು ಎಲ್ಲವನ್ನೂ ಶಂಕಿಸುವ ಪ್ರವೃತ್ತಿ ಬೆಳೆದಂತಿದೆ ಎಂದು ವಾದಿಸಿದ್ದಾರೆ. ಹೀಗಾಗಿ ಆಟದಿಂದ ಮಕ್ಕಳು ಕಲಿತದ್ದನ್ನು ಅಳೆಯಲು ನೀವು ಕೊಡುವ ಪರೀಕ್ಷೆಯಲ್ಲಿ ಗಾಳದ ಸಂದೇಶಗಳ ನಡುವೆ ಗೆಳೆಯನ ಸಾಂತ್ವನ, ರಕ್ತದಾನ ಶಿಬಿರದ ಆಹ್ವಾನ, ಶಾಂತಿಯುತ ಪ್ರತಿಭಟನೆಯ ಕರೆಯಂಥ ಪ್ರಾಮಾಣಿಕ ಸಂದೇಶಗಳನ್ನೂ ಬೆರೆಸಿ, ಮಕ್ಕಳು ಅವನ್ನೂ ಗಾಳವೆಂದೇ ಗುರುತಿಸುತ್ತಾರೆಯೇ ನೋಡಿ. ಇದೇ ಪರೀಕ್ಷೆಯನ್ನು ಆಟ ಆಡದ ಇನ್ನೊಂದು ವಿಭಾಗಕ್ಕೂ ಕೊಟ್ಟು, ಕೆಲವು ವಾರ ಬಿಟ್ಟು ಎರಡೂ ಕಡೆ ಮತ್ತೊಮ್ಮೆ ನಡೆಸಿ.