ಪೊಲೀಸರು ಒಡೆದ ಬಾಗಿಲಿನ ಖರ್ಚು ಯಾರದು? ಅನುಭವ ಇದ್ದವರು ದಯವಿಟ್ಟು ಹೇಳಿ

ಕೇಳುತ್ತಿರುವವರು, ದಕ್ಷಿಣ ಕೊಡಗು:

ಎಲ್ಲರಿಗೂ ನಮಸ್ಕಾರ. ಕಳೆದ ಗುರುವಾರ ರಾತ್ರಿ ಎರಡೂವರೆ ಹೊತ್ತಿಗೆ ನಮ್ಮ ತಾಯಿಮನೆಗೆ ಪೊಲೀಸರು ಬಂದಿದ್ದರು. ಹಿಂದೆ ನಮ್ಮ ಲೈನ್ ಮನೆಯಲ್ಲಿ (ತೋಟದ ಕೆಲಸಗಾರರ ಸಾಲುಮನೆ) ಇದ್ದ ಒಬ್ಬ ಹುಡುಗನನ್ನು ಹುಡುಕಿಕೊಂಡು. ಅವನು ಕೆಲಸ ಬಿಟ್ಟು ಹೋಗಿ ಎರಡು ವರ್ಷ ಆಯಿತು. ಅಮ್ಮನಿಗೆ 74 ವರ್ಷ, ಕಿವಿ ಮಂದ. ಹೆಂಚಿನ ಮೇಲೆ ಮಳೆ ಹೊಡೆಯುತ್ತಿತ್ತು, ಕರೆಂಟೂ ಇರಲಿಲ್ಲ. ಕರೆದದ್ದು ಕೇಳಿಸಲಿಲ್ಲ, ಬಾಗಿಲು ಒಡೆದರು. ಅಜ್ಜನ ಕಾಲದ ಬೀಟೆ ಬಾಗಿಲು. ಒಂದು ಕದ ಉದ್ದಕ್ಕೆ ಸೀಳಿದೆ, ಅಗಳಿ ಕಿತ್ತು ಬಂದಿದೆ, ದಾರಂದ ಅಲುಗಾಡುತ್ತಿದೆ. ಒಳಗೆ ಅಲ್ಮೇರಾದ ಬೀಗವನ್ನೂ ಮುರಿದಿದ್ದಾರೆ. ಯಾರೂ ಸಿಗಲಿಲ್ಲ, ಹೊರಟುಹೋದರು.

ಆಚಾರಿ ನೋಡಿ 42 ಸಾವಿರ ಅಂದರು. ಠಾಣೆಯಲ್ಲಿ ಕೇಳಿದರೆ "ಅದಕ್ಕೆಲ್ಲ ನಮ್ಮಲ್ಲಿ ಫಂಡ್ ಇಲ್ಲಮ್ಮ" ಅಂದರು. ಬಾಗಿಲಿಗೆ ಟರ್ಪಾಲು ಕಟ್ಟಿ ಅಮ್ಮನ ಜೊತೆ ನಾನೇ ಮಲಗುತ್ತಿದ್ದೇನೆ. ರಿಪೇರಿ ಮಾಡಿಸಬಹುದೇ, ಹಾಗೇ ಬಿಡಬೇಕೇ? ಈ ದುಡ್ಡು ಕೊಡಬೇಕಾದವರು ಯಾರು?

ಸೋಮವಾರಪೇಟೆ ಕಡೆಯವರು:

ಅಕ್ಕ, ಮೊದಲು ಫೋಟೋ. ದೂರದಿಂದ, ಹತ್ತಿರದಿಂದ, ಅಳತೆ ಟೇಪು ಹಿಡಿದು. ಕಿತ್ತು ಬಂದ ಅಗಳಿ, ಮುರಿದ ಬೀಗ, ಸೀಳಿದ ಚಕ್ಕೆ ಯಾವುದನ್ನೂ ಎಸೆಯಬೇಡಿ. ನಮ್ಮ ಅಪ್ಪ ಒಬ್ಬರೇ ಇದ್ದಾಗ ಬಿದ್ದು ಎರಡು ದಿನ ಫೋನ್ ಎತ್ತಲಿಲ್ಲ. ನಾವೇ ಬೆಂಗಳೂರಿನಿಂದ ಫೋನ್ ಮಾಡಿ ಪೊಲೀಸರನ್ನು ಕಳಿಸಿದ್ದು. ಅವರೂ ಅಗ್ನಿಶಾಮಕದವರೂ ಸೇರಿ ಹಿಂಬಾಗಿಲು ಒಡೆದರು, ಅಪ್ಪ ಬದುಕಿದರು. ಅದರ 6,500 ನಾವು ಕೊಟ್ಟೆವು, ಯಾರನ್ನೂ ಕೇಳಲಿಲ್ಲ. ನಿಮ್ಮದು ಬೇರೆ. ನೀವು ಕರೆದವರಲ್ಲ, ಬೇಕಾದವನು ಅಲ್ಲಿ ಇರಲೂ ಇಲ್ಲ.

ಉತ್ತರ ಕೊಡಗಿನ ತೋಟದವರು:

ನಮ್ಮ ಮನೆಯಲ್ಲಿ ಆದದ್ದನ್ನು ಪೂರ್ತಿ ಬರೆಯುತ್ತೇನೆ, ನಾವು ಮಾಡಿದ ತಪ್ಪು ನೀವು ಮಾಡಬಾರದು ಅಂತ.

2021ರಲ್ಲಿ ಒಂದು ಕಳವು ಕೇಸಿನಲ್ಲಿ ಬಂದರು. ಹೋಗಬೇಕಾಗಿದ್ದದ್ದು ಮೇಲಿನ ತೋಟಕ್ಕೆ. ಕೊಡಗಿನಲ್ಲಿ ಮನೆ ನಂಬರು ನೋಡಿಕೊಂಡು ಯಾರು ಬರುತ್ತಾರೆ? ಮನೆ ಹೆಸರು ಕೇಳಿಕೊಂಡು ಬರುತ್ತಾರೆ, ನಮ್ಮ ಮನೆ ಹೆಸರಿನವರೇ ಅಲ್ಲೂ ಇದ್ದಾರೆ. ಕಡಂಗದಾಚೆ (ತೋಟದ ಸುತ್ತಲಿನ ಕಂದಕ) ಜೀಪು ನಿಲ್ಲಿಸಿ ಕತ್ತಲಲ್ಲಿ ನಡೆದು ಬಂದವರು ಹಿಂಬಾಗಿಲು ಮುರಿದರು, ಸ್ಟೋರಿನ ಬೀಗ ಒಡೆದು ಕಾಳುಮೆಣಸಿನ ಚೀಲ ಬಿಚ್ಚಿ ನೋಡಿದರು. ಬಿಚ್ಚಿದ ಚೀಲ ಹಾಗೇ ಬಿಟ್ಟದ್ದರಿಂದ ಇರುಚಲು ಹೊಡೆದು ಎರಡು ಚೀಲ ಬೂಸ್ಟು ಹಿಡಿಯಿತು. ಬಾಗಿಲಿಗಿಂತ ಅದೇ ದೊಡ್ಡ ನಷ್ಟ.

ನಾವು ಏನು ಮಾಡಿದೆವು ಕೇಳಿ. ಮರುದಿನವೇ ಹೊಸ ಬಾಗಿಲು ಹಾಕಿಸಿ ಹಳೆಯದನ್ನು ಬಚ್ಚಲ ಒಲೆಗೆ ಹಾಕಿದೆವು. ಠಾಣೆಗೆ ಹೋಗಿ ಬಾಯಲ್ಲಿ ಹೇಳಿ ಬಂದೆವು. ಬರೆದು ಕೊಟ್ಟದ್ದು 20 ದಿನ ಬಿಟ್ಟು. ಮೇಲಿನ ಅಧಿಕಾರಿ ಕೂರಿಸಿ, ಕಾಫಿ ಕೊಟ್ಟು, ಮರ್ಯಾದೆಯಿಂದಲೇ ಮಾತಾಡಿದರು. "ನಿಮ್ಮ ಬಾಗಿಲು ಒಡೆದದ್ದು ನಮ್ಮ ಯಾವ ದಾಖಲೆಯಲ್ಲೂ ಇಲ್ಲವಲ್ಲ" ಅಂದರು. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಹಜರಿನ, ಅಂದರೆ ಶೋಧನೆಯ ವೇಳೆ ಪೊಲೀಸರು ಬರೆದ ವರದಿಯ, ಪ್ರತಿ ತರಿಸಿದೆವು. ಅದರಲ್ಲಿ ಕೊನೆಯ ಸಾಲು: ಶೋಧನೆಯ ಕಾಲಕ್ಕೆ ಮನೆಯ ಯಾವುದೇ ಸ್ವತ್ತಿಗೆ ಹಾನಿಯಾಗಿರುವುದಿಲ್ಲ. ಅದರ ಕೆಳಗೆ ನಮ್ಮ ಅಪ್ಪನ ಸಹಿ. ಬೆಳಗಿನ ಜಾವ ನಾಲ್ಕು ಗಂಟೆಗೆ, ಕನ್ನಡಕ ಇಲ್ಲದೆ, ಟಾರ್ಚ್ ಬೆಳಕಿನಲ್ಲಿ ಹಾಕಿದ ಸಹಿ.

ಅಲ್ಲಿಗೆ ಮುಗಿಯಿತು. ಆ ಒಂದು ಸಾಲಿನ ಮುಂದೆ ನಮ್ಮ ಯಾವ ಮಾತೂ ನಿಲ್ಲಲಿಲ್ಲ. ಕೊನೆಗೆ ಒಬ್ಬ ಎಸ್‌ಐ ಸ್ವಂತ ಕೈಯಿಂದ 5 ಸಾವಿರ ಕೊಡಲು ಬಂದರು, ಅಪ್ಪ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳಬೇಕಿತ್ತೋ ಬೇಡವೋ ಎಂದು ಇವತ್ತಿಗೂ ನಮ್ಮ ಮನೆಯಲ್ಲಿ ಎರಡು ಮಾತಿದೆ.

ಆದ್ದರಿಂದ ಕೇಳುತ್ತೇನೆ: ಅಮ್ಮ ಆ ರಾತ್ರಿ ಯಾವುದಕ್ಕಾದರೂ ಸಹಿ ಹಾಕಿದ್ದಾರಾ? ಅದನ್ನು ಮೊದಲು ಕೇಳಿ ತಿಳಿದುಕೊಳ್ಳಿ. ಇನ್ನೊಂದು, ನಿಮ್ಮೂರಲ್ಲಿ ಯಾರಾದರೂ "ಮಳೆಹಾನಿ ಅಂತ ಬರೆಸಿ, ಪರಿಹಾರ ಬರುತ್ತದೆ" ಅಂತ ಹೇಳಿಯೇ ಹೇಳುತ್ತಾರೆ. ನಮಗೂ ಹೇಳಿದ್ದರು. ಬೇಡವೇ ಬೇಡ. ಗಾಳಿಮಳೆಗೆ ಬಾಗಿಲು ಹೋಯಿತು ಅಂತ ಒಂದು ಕಡೆ ಬರೆದ ಮೇಲೆ ಪೊಲೀಸರು ಒಡೆದರು ಅಂತ ಇನ್ನೊಂದು ಕಡೆ ಹೇಗೆ ಹೇಳುತ್ತೀರಿ?

ಮಡಿಕೇರಿಯಲ್ಲಿ ವಕೀಲಿ ಮಾಡುವವರು:

ಕಹಿ ಮಾತು ಮೊದಲೇ ಹೇಳಿಬಿಡುತ್ತೇನೆ ಅಮ್ಮ. ಪೊಲೀಸರು ಬಾಗಿಲು ಒಡೆದರೆ ಇಷ್ಟು ದಿನದಲ್ಲಿ ಇಷ್ಟು ಕೊಡಬೇಕು ಎಂಬ ನಿಯಮ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅಂದರೆ ಬಿಎನ್‌ಎಸ್‌ಎಸ್‌ನಲ್ಲಿ ಎಲ್ಲೂ ಇಲ್ಲ. ಆಧಾರವಿಲ್ಲದ ಬಂಧನಕ್ಕೆ ಪರಿಹಾರ ಹೇಳುವ 399ನೇ ಕಲಂ ಒಂದಿದೆ. ಅದರಲ್ಲೂ ಮಿತಿ 1,000 ರೂಪಾಯಿ, ಅದೂ ಬಂಧನ ಮಾಡಿಸಿದವರ ಕೈಯಿಂದ. ಒಡೆದದ್ದು ಕಾನೂನುಬದ್ಧವಾಗಿದ್ದರೆ ಖರ್ಚು ಮನೆಯವರ ಮೇಲೇ ಬೀಳುತ್ತದೆ. ಆದ್ದರಿಂದ ಪ್ರಶ್ನೆ ಇರುವುದೇ ಅಲ್ಲಿ: ಆ ರಾತ್ರಿ ಒಡೆದದ್ದು ಕಾನೂನಿನ ಒಳಗೆ ಇತ್ತೇ?

2024ರ ಜುಲೈ 1ರಿಂದ ಜಾರಿಯಲ್ಲಿರುವ ಈ ಸಂಹಿತೆಯ 44ನೇ ಕಲಂ ನೋಡಿ. ಬಂಧಿಸಬೇಕಾದವನು ಈ ಮನೆಯೊಳಗೆ ಇದ್ದಾನೆ ಎಂದು ನಂಬಲು ಕಾರಣ ಇರಬೇಕು. ತಾವು ಯಾರು, ಯಾತಕ್ಕೆ ಬಂದದ್ದು ಎಂದು ತಿಳಿಸಿ ಒಳಗೆ ಬಿಡಿ ಎಂದು ಕೇಳಬೇಕು. ಆಮೇಲೂ ಒಳಗೆ ಹೋಗಲು ಆಗದಿದ್ದರೆ ಮಾತ್ರ ಒಡೆಯಬಹುದು. ಎರಡು ವರ್ಷದ ಹಿಂದೆ ಕೆಲಸ ಬಿಟ್ಟವನು ಮಾಲೀಕರ ಮನೆಯೊಳಗೆ ಇದ್ದಾನೆಂದು ಯಾವ ಕಾರಣಕ್ಕೆ ನಂಬಿದರು? ಅದಕ್ಕೆ ಉತ್ತರ ಅವರು ಕೊಡಬೇಕು.

ಅದಕ್ಕಿಂತ ಗಟ್ಟಿಯಾದದ್ದು ಅಲ್ಮೇರಾ. ಹುಡುಕಲು ಬಂದದ್ದು ಮನುಷ್ಯನನ್ನು. ಹೊರಗಿನಿಂದ ಬೀಗ ಹಾಕಿದ ಅಲ್ಮೇರಾದೊಳಗೆ ಮನುಷ್ಯ ಇರುತ್ತಾನೆಯೇ? ವಸ್ತುವನ್ನೇ ಹುಡುಕಿದ್ದು ಎಂದರೆ ಅದು ಬೇರೆಯೇ ಶೋಧನೆ. ವಾರಂಟ್ ಇಲ್ಲದಿದ್ದರೆ 185ನೇ ಕಲಂ ಪ್ರಕಾರ ಮೊದಲೇ ಕಾರಣ ಬರೆದಿಡಬೇಕು, ಆ ಬರಹದ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು, ಊರಿನ ಇಬ್ಬರು ಪಂಚರು (ಸಾಕ್ಷಿಗಳು) ಇರಬೇಕು, 105ನೇ ಕಲಂ ಪ್ರಕಾರ ವಿಡಿಯೋ ಆಗಬೇಕು. ಮನೆಯವರು ಅರ್ಜಿ ಕೊಟ್ಟರೆ ಮ್ಯಾಜಿಸ್ಟ್ರೇಟರು ಆ ಪ್ರತಿಯನ್ನು ಉಚಿತವಾಗಿ ಕೊಡಿಸಬೇಕು. ನಾಳೆಯೇ ಆ ಅರ್ಜಿ ಹಾಕಿ. ಪ್ರತಿ ಸಿಕ್ಕರೆ ಅದರಲ್ಲಿ ಏನು ಬರೆದಿದ್ದಾರೆ ಗೊತ್ತಾಗುತ್ತದೆ. ಅಂಥದ್ದು ಬಂದೇ ಇಲ್ಲ ಎಂದು ಕೋರ್ಟಿನಿಂದ ಹಿಂಬರಹ (ಲಿಖಿತ ಉತ್ತರ) ಸಿಕ್ಕರೆ ಅದು ಇನ್ನೂ ದೊಡ್ಡ ಸಾಕ್ಷಿ.

ದುಡ್ಡು ಯಾರಿಂದ ಎಂದರೆ, ರಾಜ್ಯ ಸರ್ಕಾರದಿಂದ. ಠಾಣೆಯಲ್ಲಿ ಫಂಡ್ ಇಲ್ಲ ಎನ್ನುವುದು ಉತ್ತರವಲ್ಲ. ಆದರೆ ಸುಪ್ರೀಂ ಕೋರ್ಟಿನ ಹಾದಿಯೂ ಇಲ್ಲಿ ನೇರವಾಗಿಲ್ಲ. 1947ರಲ್ಲಿ ಮೀರತ್‌ನ ಪೊಲೀಸರು ಒಬ್ಬ ವ್ಯಾಪಾರಿಯಿಂದ ವಶಪಡಿಸಿಕೊಂಡ ಚಿನ್ನವನ್ನು ಹೆಡ್ ಕಾನ್‌ಸ್ಟೇಬಲ್ ಎತ್ತಿಕೊಂಡು ಪಾಕಿಸ್ತಾನಕ್ಕೆ ಓಡಿಹೋದ. ಕಸ್ತೂರಿಲಾಲ್ ಪ್ರಕರಣ ಎನ್ನುತ್ತಾರೆ. ಪೊಲೀಸ್ ಕೆಲಸ ಸಾರ್ವಭೌಮ ಕೆಲಸ, ಅಂದರೆ ಆಳುವ ಅಧಿಕಾರದ ಕೆಲಸ, ಸರ್ಕಾರ ಕೊಡಬೇಕಾಗಿಲ್ಲ ಎಂದು ತೀರ್ಪಾಯಿತು. ಆ ತೀರ್ಪು ಈಗಲೂ ಎದುರು ವಕೀಲರ ಬಾಯಲ್ಲಿ ಬರುತ್ತದೆ. 1977ರಲ್ಲಿ ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ, ಕಳುವಾಗಿ ಸಿಕ್ಕ ಒಡವೆ ಠಾಣೆಯಿಂದಲೇ ಮತ್ತೆ ಹೋದಾಗ, ಅದರ ಬೆಲೆಯನ್ನು ಸರ್ಕಾರ ಆ ಹೆಂಗಸಿಗೆ ಕೊಡಬೇಕು ಎಂದು ಅದೇ ಕೋರ್ಟು ಹೇಳಿತು. ಪೊಲೀಸ್ ವಶದಲ್ಲಿ ಮಗ ಸತ್ತ ತಾಯಿಗೆ ಪರಿಹಾರ ಕೊಡಿಸಿದ 1993ರ ನೀಲಾಬತಿ ಬೆಹೆರಾ ತೀರ್ಪಿನ ನಂತರ, ಮೂಲಭೂತ ಹಕ್ಕಿಗೆ ಧಕ್ಕೆ ಆದಲ್ಲಿ ಹೈಕೋರ್ಟು ನೇರವಾಗಿ ಪರಿಹಾರ ಕೊಡಿಸುವ ದಾರಿಯೂ ಗಟ್ಟಿಯಾಯಿತು.

ಸಿವಿಲ್ ದಾವೆ ಹಾಕುವುದಾದರೆ ಮೊದಲು ಸರ್ಕಾರಕ್ಕೆ ಎರಡು ತಿಂಗಳ ನೋಟಿಸು. ಅಧಿಕಾರಿಯ ಮೇಲೇ ಹೋಗುವುದಾದರೆ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಅಡ್ಡ ಬರುತ್ತದೆ, ಸರ್ಕಾರದ ಪೂರ್ವಾನುಮತಿ ಬೇಕು. ದಾವೆಯ ಕಾಲಮಿತಿ ಒಂದೇ ವರ್ಷ ಎಂದು ಇಟ್ಟುಕೊಂಡೇ ನಡೆಯಿರಿ. 42 ಸಾವಿರಕ್ಕಾಗಿ ಕೋರ್ಟಿಗೆ ಅಲೆಯುವ ಮುಂಚೆ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಕನ್ನಡದಲ್ಲೇ ಒಂದು ದೂರು ಬರೆಯಿರಿ ಎನ್ನುತ್ತೇನೆ. ಶುಲ್ಕ ಇಲ್ಲ, ವಕೀಲರೂ ಬೇಡ, ಅದಕ್ಕೂ ಒಂದು ವರ್ಷದ ಮಿತಿ. ಅವರು ಪರಿಹಾರಕ್ಕೆ ಶಿಫಾರಸು ಮಾಡುತ್ತಾರೆ.

ಕೋರ್ಟೇ ಬೇಕಾಯಿತು ಎಂದರೆ, ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅಮ್ಮನ ಹೆಸರಲ್ಲೇ ಅರ್ಜಿ ಕೊಡಿ.

ಮೂಲ ನಾಪೋಕ್ಲು, ಈಗ ಇಂಗ್ಲೆಂಡಿನಲ್ಲಿರುವವರು:

ಇಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಹೀಗೇ ಆಯಿತು, ಅದಕ್ಕೆ ಬರೆಯುತ್ತಿದ್ದೇನೆ. ಈ ದೇಶದಲ್ಲೂ ಸರಿಯಾದ ಶೋಧನೆಯಲ್ಲಿ, ಹದ ಮೀರದ ಬಲ ಬಳಸಿ ಬಾಗಿಲು ಒಡೆದರೆ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ. ಆದರೆ ಪೊಲೀಸರ ಶೋಧನೆಯ ನಿಯಮಾವಳಿಯಲ್ಲೇ ಬರೆದಿಟ್ಟಿದ್ದಾರೆ: ತಪ್ಪಿ ಬೇರೆಯವರ ಮನೆ ಶೋಧಿಸಿದ್ದರೆ ಪರಿಹಾರ ಕೊಡುವ ಕಡೆಗೇ ವಾಲಬೇಕು ಎಂದು. ಪಕ್ಕದವರಿಗೆ ಹಾಗೇ ಸಿಕ್ಕಿತು. ಇಂಥ ಒಂದು ಸಾಲು ನಮ್ಮಲ್ಲೂ ಇದ್ದಿದ್ದರೆ ಅಮ್ಮ ಟರ್ಪಾಲಿನ ಹಿಂದೆ ಮಲಗಬೇಕಾಗಿರಲಿಲ್ಲ ಅನ್ನಿಸುತ್ತದೆ.

ಸಿದ್ದಾಪುರ ಕಡೆ, ತೋಟದ ಕೆಲಸಗಾರರ ಜೊತೆ ಇರುವವರು:

ಮಾಲೀಕರ ಮನೆ ಬಾಗಿಲಿನ ಮಾತಾಯಿತು. ಲೈನ್ ಮನೆಯ ಬಾಗಿಲು ಒಡೆದಾಗ ಏನಾಗುತ್ತದೆ ಅಂತಲೂ ಇಲ್ಲಿ ಬರಲಿ. ನಾನು ಕಂಡ ಒಂದು ಕಡೆ, ಬೇರೆ ಯಾರನ್ನೋ ಹುಡುಕಿ ಬಂದು ಬಾಗಿಲು ಒಡೆದು ಹೋದರು. ವಾರದ ಬಟವಾಡೆಯಲ್ಲಿ ಆ ಮನೆಯ ಗಂಡ ಹೆಂಡತಿ ಇಬ್ಬರ ಕೂಲಿಯಿಂದಲೂ ಬಾಗಿಲಿನ ದುಡ್ಡು ಹಿಡಿದರು. ಪರಿಶಿಷ್ಟ ಪಂಗಡದ ಯರವರ ಕುಟುಂಬ, ಬಾಯಿ ಬಿಡಲಿಲ್ಲ. ಅದು ತಪ್ಪು. ನಷ್ಟಕ್ಕೆಂದು ಕೂಲಿಯಲ್ಲಿ ಹಿಡಿಯಬಹುದಾದದ್ದು ಕೆಲಸಗಾರರ ವಶಕ್ಕೆ ಕೊಟ್ಟ ವಸ್ತು ಅವರದೇ ಅಜಾಗರೂಕತೆಯಿಂದ ಹಾಳಾದಾಗ ಮಾತ್ರ. ಕಾರ್ಮಿಕ ಇಲಾಖೆಯವರಿಗೆ ಬರೆದು ಕೊಟ್ಟ ಮೇಲೆ ತೋಟದವರು ಹಿಡಿದ ದುಡ್ಡು ವಾಪಸು ಕೊಟ್ಟರು. ಪರಿಶಿಷ್ಟ ಪಂಗಡದವರಿಗೂ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಅಕ್ಕ, ಆ ರಾತ್ರಿ ನಿಮ್ಮ ಲೈನಿಗೂ ಹೋಗಿದ್ದರೇ? ಹೋಗಿದ್ದರೆ ಅಲ್ಲಿಯ ಬಾಗಿಲುಗಳನ್ನೂ ನಿಮ್ಮ ಅರ್ಜಿಯಲ್ಲೇ ಸೇರಿಸಿ.

ಕುಶಾಲನಗರದವರು:

ಮನೆಗೆ ವಿಮೆ ಇದ್ದರೆ ಪಾಲಿಸಿಯ ಹಿಂದಿನ ಪುಟ ಓದಿ. ಸರ್ಕಾರಿ ಪ್ರಾಧಿಕಾರದ ಆದೇಶದಿಂದ ಆದ ನಾಶಕ್ಕೆ ಕೊಡುವುದಿಲ್ಲ ಎಂದು ಬರೆದಿರುತ್ತಾರೆ. ಆದರೂ ಕೇಳಿ, ನಿರಾಕರಿಸಿದರೆ ಬರಹದಲ್ಲಿ ಪಡೆಯಿರಿ.

ಕೇಳಿದವರು:

ಎಲ್ಲರಿಗೂ ತುಂಬಾ ಉಪಕಾರ. ಅಮ್ಮ ಯಾವುದಕ್ಕೂ ಸಹಿ ಹಾಕಿಲ್ಲ, ಬಂದವರು ಹಾಕಿಸಿಕೊಳ್ಳಲೂ ಇಲ್ಲ. ಲೈನಿನಲ್ಲಿ ಎರಡು ಬಾಗಿಲ ಚಿಲಕ ಹೋಗಿದೆ. ಅಲ್ಲಿರುವವರು ಹೇಳಿಯೇ ಇರಲಿಲ್ಲ, ಇವತ್ತು ಹೋಗಿ ಕೇಳಿದ ಮೇಲೆ ಹೇಳಿದರು. ಎಸ್‌ಪಿಯವರಿಗೆ ಅರ್ಜಿ ಬರೆದು ಸ್ಪೀಡ್ ಪೋಸ್ಟಿನಲ್ಲಿ ಹಾಕಿದೆ, ಪ್ರತಿ ಇಟ್ಟುಕೊಂಡಿದ್ದೇನೆ. ಮ್ಯಾಜಿಸ್ಟ್ರೇಟರ ಕೋರ್ಟಿಗೆ ಸೋಮವಾರ ಹೋಗುತ್ತೇನೆ. ಬಾಗಿಲು ಮಾತ್ರ ಇನ್ನು ಕಾಯಲು ಆಗುವುದಿಲ್ಲ.

ಉತ್ತರ ಕೊಡಗಿನ ತೋಟದವರು:

ಕಾಯಬೇಡಿ ಅಕ್ಕ, ಮಾಡಿಸಿ. ಆಚಾರಿಯ ಅಂದಾಜನ್ನು ಕಾಗದದಲ್ಲಿ ಬರೆಸಿ ಸಹಿ ಹಾಕಿಸಿ: ಯಾವ ಮರ, ಎಷ್ಟು ಅಡಿ, ಕೂಲಿ ಎಷ್ಟು. ಹಳೆಯದು ಬೀಟೆ ಎಂದು ಸ್ಪಷ್ಟವಾಗಿ ಇರಲಿ. ಹೊಸದಕ್ಕೆ ಬೀಟೆಯೇ ಬೇಕೆಂದು ಯಾರದೋ ಮಾತು ನಂಬಿ ಬಿಲ್ ಇಲ್ಲದ ಮರ ತರಿಸಬೇಡಿ, ಅರಣ್ಯ ಇಲಾಖೆಯ ಕೇಸು ಮೈಮೇಲೆ ಬರುತ್ತದೆ. ಸದ್ಯಕ್ಕೆ ನಿಮ್ಮ ತೋಟದ ಹಲಸಿನ ಹಲಗೆ ಇದ್ದರೆ ಅದೇ ಸಾಕು. ಸೀಳಿದ ಕದವನ್ನು ಅಟ್ಟದ ಮೇಲೆ ನೀರು ತಾಗದ ಕಡೆ ಇಡಿ. ಅದರ ಹಿಂಬದಿಯಲ್ಲಿ ಸೀಮೆಸುಣ್ಣದಲ್ಲಿ ತಾರೀಕು ಬರೆದು ಒಂದು ಫೋಟೋ ತೆಗೆಯಿರಿ.