ಕೆರೆದ ಗೇಟಿಗೆ ಒಂದೇ ರಾತ್ರಿಯಲ್ಲಿ ಮತ್ತೆ ತುಕ್ಕು, ಈಗೇನು ಮಾಡಲಿ?

ಮೂರನೇ ಕ್ರಾಸ್:

ಎಲ್ಲರಿಗೂ ನಮಸ್ಕಾರ. ಹನುಮಂತನಗರದಲ್ಲಿ ನಮ್ಮದು ಹಳೇ ಮನೆ. 1996ರಲ್ಲಿ ಅಪ್ಪ ಮನೆ ಕಟ್ಟಿಸಿದಾಗ ಮಾಡಿಸಿದ ಕಬ್ಬಿಣದ ಗೇಟು ಇನ್ನೂ ಇದೆ. ಎರಡು ಬಾಗಿಲು, ಒಟ್ಟು ಹತ್ತು ಅಡಿ ಅಗಲ. ಹೋದ ವರ್ಷ ಗೌರಿ ಹಬ್ಬಕ್ಕೆ ಮುಂಚೆ ಪೇಂಟರ್ ಒಬ್ಬರ ಕೈಲಿ ಬಣ್ಣ ಹೊಡೆಸಿದೆವು. ಅರ್ಧ ದಿನದಲ್ಲಿ ಮುಗಿಸಿಬಿಟ್ಟರು. ಆಗಲೇ ಅನುಮಾನ ಬರಬೇಕಿತ್ತು. ದೀಪಾವಳಿ ಹೊತ್ತಿಗೆ ಬಣ್ಣ ಹಪ್ಪಳದ ಹಾಗೆ ಉಬ್ಬಿತು. ಉಗುರಿನಿಂದ ಎಬ್ಬಿಸಿ ನೋಡಿದರೆ ಮೇಲೆ ರೆಡ್ ಆಕ್ಸೈಡ್ ಪ್ರೈಮರ್ (ಬಣ್ಣಕ್ಕೆ ಮುಂಚೆ ಬಳಿಯುವ ಕೆಂಪು ಕೋಟ್), ಅದರ ಕೆಳಗೆ ಹಳೇ ತುಕ್ಕು ಹಾಗೇ ಕೂತಿದೆ.

ಈ ಸಲ ನಾನೇ ಮಾಡುತ್ತೇನೆ ಅಂತ ಹಠ ಹಿಡಿದೆ. ಗ್ರೈಂಡರ್ ಬಾಡಿಗೆಗೆ ತಂದು, ಅದಕ್ಕೆ ವೈರ್ ಬ್ರಷ್ ಹಾಕಿ, ಶನಿವಾರ ಭಾನುವಾರ ಎರಡೂ ದಿನ ಕೆರೆದೆ. ಗ್ರೈಂಡರ್ ಹೋಗದ ಮೂಲೆಗೆ ಎಮರಿ ಪೇಪರ್. ಭಾನುವಾರ ಸಂಜೆ ಐದಕ್ಕೆ ಒಂದು ಬಾಗಿಲು ತೊಳೆದಿಟ್ಟ ಸ್ಟೀಲ್ ತಟ್ಟೆ ಹಾಗೆ ಹೊಳೆಯುತ್ತಿತ್ತು. ಕೈ ಬಿದ್ದುಹೋಗಿತ್ತು, ಪ್ರೈಮರ್ ನಾಳೆ ಹೊಡೆದರಾಯಿತು ಅಂದುಕೊಂಡೆ. ಏಳಕ್ಕೆ ಮಳೆ. ಮೇ ತಿಂಗಳ ಮಳೆ ಗೊತ್ತಲ್ಲ, ಹೇಳದೆ ಕೇಳದೆ ಬರುತ್ತೆ. ಟಾರ್ಪಾಲ್ ಹೊದಿಸಿದ್ದೆ. ಆದರೂ ಬೆಳಿಗ್ಗೆ ನೋಡಿದರೆ ಬಾಗಿಲ ತುಂಬ ತೆಳ್ಳಗೆ ಕಿತ್ತಳೆ ಪುಡಿ. ನಾನು ಹಿಡಿದುಕೊಂಡಿದ್ದ ಜಾಗದಲ್ಲಿ ನಾಲ್ಕು ಬೆರಳ ಗುರುತು ಬೇರೆ. ಅಲ್ಲಿ ಇನ್ನೂ ದಟ್ಟ. ಅಳುವುದೊಂದು ಬಾಕಿ.

ಹಾರ್ಡ್‌ವೇರ್ ಅಂಗಡಿಯವರು ರಸ್ಟ್ ಕನ್ವರ್ಟರ್ ಅಂತ ಒಂದು ಬಾಟಲಿ ಕೊಟ್ಟಿದ್ದಾರೆ. ಪಕ್ಕದ ಮನೆ ಆಂಟಿ ಬಾತ್‌ರೂಮ್ ಆಸಿಡ್ ಸುರಿ, ಒಂದೇ ನಿಮಿಷ ಅಂತಾರೆ. ಅಪ್ಪ ಸೀಮೆಎಣ್ಣೆ ಒರೆಸು ಅಂತಾರೆ. ಯಾರ ಮಾತು ಕೇಳಲಿ? ಎಲ್ಲ ಮೊದಲಿಂದ ಕೆರೆಯಬೇಕಾ?

ಪೀಣ್ಯ ವೆಲ್ಡಿಂಗ್:

ಮೇಡಂ, ಮೊದಲಿಂದ ಬೇಡ. ಒಂದು ರಾತ್ರಿಯ ತುಕ್ಕು ಮೇಲಿನ ಧೂಳಿದ್ದ ಹಾಗೆ. 120 ನಂಬರ್ ಎಮರಿ ಪೇಪರ್‌ನಲ್ಲಿ ಉಜ್ಜಿದರೆ ಅರ್ಧ ಗಂಟೆ ಕೆಲಸ. ನಿಮ್ಮ ತಪ್ಪು ಕೆರೆದದ್ದರಲ್ಲಿ ಇಲ್ಲ, ಬಿಟ್ಟದ್ದರಲ್ಲಿದೆ. ಕೆರೆದ ಕಬ್ಬಿಣವನ್ನು ರಾತ್ರಿ ಹೊರಗೆ ಬಿಡಬಾರದು. ಟಾರ್ಪಾಲ್ ಹೊದಿಸಿದರೆ ಒಳಗೆ ಬೆವರುತ್ತೆ, ಅದು ಮಳೆಗಿಂತ ಕಡೆ. ಎಷ್ಟು ಜಾಗಕ್ಕೆ ಅದೇ ದಿನ ಪ್ರೈಮರ್ ಹೊಡೆಯೋಕೆ ಆಗುತ್ತೋ ಅಷ್ಟೇ ಕೆರೆಯಿರಿ. ಬೆಳಿಗ್ಗೆ ಕೆರೆತ, ಮಧ್ಯಾಹ್ನ ಥಿನ್ನರ್ ಬಟ್ಟೆಯಲ್ಲಿ ಒರೆಸು, ಒಣಗಿದ ಮೇಲೆ ಪ್ರೈಮರ್. ಒರೆಸಿದ ಮೇಲೆ ಬರಿಗೈಲಿ ಮುಟ್ಟಬೇಡಿ. ಆ ನಾಲ್ಕು ಬೆರಳು ನಿಮ್ಮ ಬೆವರಿನ ಉಪ್ಪೇ.

ಸೀಮೆಎಣ್ಣೆ ಅಪ್ಪನ ಕಾಲದ ಮಾತು. ಎಣ್ಣೆ ಅಂಶ ಉಳಿದರೆ ಬಣ್ಣ ಹಿಡಿಯಲ್ಲ.

ಇನ್ನೊಂದು, ಗೇಟಿನ ಕೆಳಗಿನ ಪೈಪ್ ನೋಡಿದ್ರಾ? ಸ್ಕ್ರೂಡ್ರೈವರ್ ತುದಿಯಿಂದ ಅಲ್ಲಲ್ಲಿ ಕುಟ್ಟಿ. ಠಣ್ ಅಂದರೆ ಸರಿ. ಡಬ್ ಅಂದರೆ ಒಳಗಿಂದ ಹೋಗಿದೆ ಅಂತ.

ನಿವೃತ್ತ ಮೇಷ್ಟ್ರು:

ಆಸಿಡ್ ಮಾತ್ರ ಬೇಡಮ್ಮ. ಅದು ಹೈಡ್ರೋಕ್ಲೋರಿಕ್ ಆಮ್ಲ. ತುಕ್ಕು ಕರಗುತ್ತೆ ನಿಜ, ಆದರೆ ಅದರ ಕ್ಲೋರೈಡ್ ಸಂದಿಗಳಲ್ಲಿ ಉಳಿದು ಬಣ್ಣದ ಕೆಳಗೆ ಮತ್ತೆ ತುಕ್ಕು ಹಿಡಿಸುತ್ತೆ. ಹೊಗೆ ಕುಡಿದರೆ ಎದೆ ಉರಿ. ಆ ಹೊಗೆಗೆ ಪಕ್ಕದಲ್ಲಿಟ್ಟ ಸ್ಪ್ಯಾನರ್ ಕೂಡ ತುಕ್ಕು ಹಿಡಿಯುತ್ತೆ, ನಾನೇ ಕಂಡಿದ್ದೇನೆ.

ನಿಮ್ಮ ಬಾಟಲಿಯ ಮೇಲೆ ಏನು ಬರೆದಿದೆ ನೋಡಿ. ಸಾಮಾನ್ಯವಾಗಿ ಫಾಸ್ಪಾರಿಕ್ ಆಮ್ಲ ಇರುತ್ತೆ, ಇಲ್ಲ ಟ್ಯಾನಿಕ್ ಆಮ್ಲ. ಮೊದಲನೆಯದು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಮಾಡುತ್ತೆ, ಎರಡನೆಯದು ಕಪ್ಪು ಟ್ಯಾನೇಟ್. ಎರಡಕ್ಕೂ ಕೆಲಸ ಮಾಡೋಕೆ ತೆಳು ತುಕ್ಕು ಬೇಕು. ಪದರ ಪದರವಾಗಿ ಎದ್ದ ದಪ್ಪ ತುಕ್ಕಿಗೆ ಬಳಿದರೆ ಮೇಲಷ್ಟೇ ಕಪ್ಪಾಗುತ್ತೆ, ಒಳಗೆ ಹಾಗೇ ಇರುತ್ತೆ. ಹೊಳೆಯುವ ಕಬ್ಬಿಣಕ್ಕೆ ಫಾಸ್ಪಾರಿಕ್ ಜಾಸ್ತಿ ಬಳಿದರೆ ಬಿಳಿ ಪುಡಿ ಉಳಿಯುತ್ತೆ, ಅದರ ಮೇಲೆ ಬಣ್ಣ ನಿಲ್ಲಲ್ಲ. ಎಮರಿ ಹೋಗದ ಮೂಲೆ, ಗುಳಿ, ವೆಲ್ಡಿಂಗ್ ಸಂದಿ, ಅಲ್ಲಿಗೆ ಮಾತ್ರ ಸಾಕು. ಕೈಗೆ ಗ್ಲೌಸ್ ಇರಲಿ.

ಇನ್ನು ರೆಡ್ ಆಕ್ಸೈಡ್ ತುಕ್ಕಿಗೆ ಔಷಧಿ ಅಂತ ತುಂಬ ಜನ ತಿಳಿದಿದ್ದಾರೆ. ಅದರ ಕೆಂಪು ಕೂಡ ಕಬ್ಬಿಣದ ಆಕ್ಸೈಡೇ! ತುಕ್ಕಿನ ಮೇಲೆ ಅದನ್ನು ಬಳಿದದ್ದು ನಿಮ್ಮ ಪೇಂಟರ್. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತೆ, ಬಣ್ಣವನ್ನು ಕೆಳಗಿಂದ ಎತ್ತಿಬಿಡುತ್ತೆ. ಅದೇ ನಿಮ್ಮ ಹಪ್ಪಳ. ಜಿಂಕ್ ಫಾಸ್ಫೇಟ್ ಪ್ರೈಮರ್ ಸಿಕ್ಕರೆ ಅದನ್ನೇ ತಗೊಳ್ಳಿ.

ಮೂರನೇ ಕ್ರಾಸ್:

ಮೇಷ್ಟ್ರೇ, ಬಾಟಲಿ ಮೇಲೆ ಫಾಸ್ಪಾರಿಕ್ ಅಂತಲೇ ಇದೆ. ಪುಣ್ಯಕ್ಕೆ ಇನ್ನೂ ತೆರೆದಿರಲಿಲ್ಲ, ಇಡೀ ಗೇಟಿಗೆ ಸುರಿಯೋಳಿದ್ದೆ. ವೆಲ್ಡಿಂಗ್ ಅಣ್ಣ, ಕುಟ್ಟಿ ನೋಡಿದೆ. ಎಡಗಡೆ ಬಾಗಿಲ ಕೆಳಗಿನ ಪೈಪ್ ಡಬ್ ಅಂತು. ಎರಡನೇ ಏಟಿಗೆ ಸ್ಕ್ರೂಡ್ರೈವರ್ ಒಳಗೇ ಹೋಯಿತು. ಹಿಡಿ ತುಂಬ ಕೆಂಪು ಚೂರು ಉದುರಿತು, ನೆನೆಸಿದ ಚಹಾಪುಡಿ ತರ. ಅಪ್ಪ ನಿಂತು ನೋಡುತ್ತಿದ್ದರು. ಏನೂ ಮಾತಾಡಲಿಲ್ಲ.

ಪೀಣ್ಯ ವೆಲ್ಡಿಂಗ್:

ಅಂದುಕೊಂಡೆ. ಪೈಪ್ ಒಳಗೆ ನೀರು ನಿಂತಿದೆ. ಮೇಲೆ ಎಷ್ಟು ಕೋಟ್ ಹೊಡೆದರೂ ಅದು ಒಳಗಿಂದ ತಿನ್ನುತ್ತೆ. ಅಷ್ಟು ಭಾಗ ಕತ್ತರಿಸಿ ಹೊಸ ಪೈಪ್ ಹಾಕಿಸಿ, ಪೇಂಟ್ ಆಮೇಲೆ. ಹೊಸದಕ್ಕೆ ಕೆಳಗಡೆ ಎರಡು ಸಣ್ಣ ತೂತು ಹೊಡೆಸಿ, ನೀರು ಇಳಿದು ಹೋಗಲಿ. ಬೇಡ ಅಂತ ಮುಚ್ಚಿಸೋರೇ ಜಾಸ್ತಿ. ವೆಲ್ಡ್ ಆದ ಜಾಗದ ಕಪ್ಪು ಪೊರೆಯನ್ನೂ ಕೆರೆದೇ ಪ್ರೈಮರ್ ಹೊಡೆಯಿರಿ.

ಗಿರಿನಗರ ಬಾಲ್ಕನಿ:

ಮಧ್ಯೆ ಬಾಯಿ ಹಾಕಿದ್ದಕ್ಕೆ ಬೇಸರ ಬೇಡ. ಚಿಲಕ, ಕೊಂಡಿ ಬಿಚ್ಚೋಕೆ ಬಂದರೆ ಬಕೆಟ್ ನೀರಿಗೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಪುಡಿ, ಕಲಸಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಬ್ರಷ್ ಹಾಕಿದರೆ ಸಾಕು. ತೊಳೆದು ತಕ್ಷಣ ಹೇರ್ ಡ್ರೈಯರ್‌ನಿಂದ ಒಣಗಿಸಿ. ಹೆಂಡತಿಗೆ ಹೇಳಿ ತಗೊಳ್ಳಿ ಅಂತ ನನ್ನ ಸಲಹೆ, ನಾನು ಹೇಳಿರಲಿಲ್ಲ.

ಮೂರನೇ ಕ್ರಾಸ್:

ನಾನೇ ಹೆಂಡತಿ, ಡ್ರೈಯರ್ ನಂದೇ. 😄

ಹದಿನೈದು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಪೈಪ್ ಬದಲಾಯಿತು, ತೂತು ಇದೆ. ಒಂದು ದಿನಕ್ಕೆ ಅರ್ಧ ಬಾಗಿಲು ಲೆಕ್ಕದಲ್ಲಿ ನಾಲ್ಕು ದಿನ ಹಿಡಿಯಿತು. ಬೆಳಿಗ್ಗೆ ಕೆರೆದು ಮೂರು ಗಂಟೆಯೊಳಗೆ ಮೊದಲ ಕೋಟ್ ಪ್ರೈಮರ್ ಮುಗಿಸುತ್ತಿದ್ದೆ, ಮೋಡ ಕಂಡ ದಿನ ಮುಟ್ಟಲೇ ಇಲ್ಲ. ಆಮೇಲೆ ಇನ್ನೊಂದು ಕೋಟ್ ಪ್ರೈಮರ್, ಎರಡು ಕೋಟ್ ಎನಾಮಲ್. ಒಂದು ಎಡವಟ್ಟು ಮಾಡಿದೆ. ಎನಾಮಲ್‌ಗೆ ಟರ್ಪೆಂಟೈನ್ ಬದಲು ಒರೆಸೋಕೆ ತಂದಿದ್ದ ಥಿನ್ನರ್ ಬೆರೆಸಿದೆ, ಒಂದು ಅಡಿ ಜಾಗದಲ್ಲಿ ಬಣ್ಣ ಮುದುಡಿ ಸುಕ್ಕಾಯಿತು. ಅದನ್ನು ಮತ್ತೆ ಕೆರೆದೆ. ಅಪ್ಪ ಆ ಜಾಗ ಬಂದವರಿಗೆಲ್ಲ ತೋರಿಸುತ್ತಾರೆ.