ಡಾಕ್ಟರ್ ಮೊರೊ ಓದಿದೆ, ಪಿಯುಸಿ ಓದುವ ಮಗಳಿಗೆ ಕೊಡಲಾ?

ಬಸವನಗುಡಿ ಓದುಗ:
ಅವೆನ್ಯೂ ರೋಡಿನಲ್ಲಿ ಹಳೇ ಪುಸ್ತಕ ಹುಡುಕುವಾಗ ಎಚ್. ಜಿ. ವೆಲ್ಸ್‌ನ ‘ದಿ ಐಲ್ಯಾಂಡ್ ಆಫ್ ಡಾಕ್ಟರ್ ಮೊರೊ’ ಸಿಕ್ಕಿತು. 1896ರ ಕಾದಂಬರಿ. ದ್ವೀಪದಲ್ಲಿ ಕೂತ ಒಬ್ಬ ವಿಜ್ಞಾನಿ ಪ್ರಾಣಿಗಳನ್ನು ಜೀವಂತ ಕೊಯ್ದು ಮನುಷ್ಯರ ರೂಪಕ್ಕೆ ತರಲು ನೋಡುತ್ತಾನೆ. ನನ್ನನ್ನು ಕಾಡಿದ್ದು ಅವನಲ್ಲ. ಪಕ್ಕದ ಕೋಣೆಯಲ್ಲಿ ಪ್ಯೂಮಾ ಅನ್ನುವ ದೊಡ್ಡ ಕಾಡುಬೆಕ್ಕು ಕಿರುಚುತ್ತಿರುತ್ತದೆ, ಕತೆ ಹೇಳುವ ಪ್ರೆಂಡಿಕ್ ಕಿವಿಗೆ ಬೆರಳಿಟ್ಟುಕೊಂಡರೂ ತಡೆಯಲಾಗದೆ ಹೊರಗೆ ಹೋಗುತ್ತಾನೆ, ಆಮೇಲೆ ಅಂದುಕೊಳ್ಳುತ್ತಾನೆ: ಇದೇ ನೋವು ಸದ್ದಿಲ್ಲದೆ ನಡೆದಿದ್ದರೆ ನಾನು ಸಹಿಸಿಕೊಂಡು ಇರುತ್ತಿದ್ದೆ ಅಂತ. ಅಲ್ಲಿ ಪುಸ್ತಕ ಮುಚ್ಚಿಟ್ಟೆ.

ಮಗಳು ಪಿಯುಸಿ, ಮುಂದೆ ರಿಸರ್ಚ್ ಮಾಡುತ್ತೇನೆ ಅನ್ನುತ್ತಾಳೆ. ಇಂಥ ಕತೆಗಳು ಸುಮ್ನೆ ಭಯ ಹುಟ್ಟಿಸುತ್ತವಾ, ಅಥವಾ ಲ್ಯಾಬಿನಲ್ಲಿ ಇರುವವರಿಗೂ ಏನಾದರೂ ಹೇಳುತ್ತವಾ?

ಕೆಂಪು ಶಾಯಿ:
ಖಂಡಿತ ಕೊಡಿ. ಜೊತೆಗೆ ‘ಫ್ರಾಂಕೆನ್‌ಸ್ಟೈನ್’ ಕೂಡ. 1818ರ ಪುಸ್ತಕ, ಜನ ಅದನ್ನು ದೆವ್ವದ ಕತೆ ಅಂದುಕೊಂಡಿದ್ದಾರೆ. ಅದರಲ್ಲಿ ವಿಕ್ಟರ್ ಅನ್ನುವವನು ತಾನು ಜೋಡಿಸಿದ ದೇಹಕ್ಕೆ ಜೀವ ಕೊಟ್ಟಿದ್ದಕ್ಕಿಂತ ದೊಡ್ಡ ತಪ್ಪು, ಅದು ಕಣ್ಣು ಬಿಟ್ಟ ರಾತ್ರಿಯೇ ಕೋಣೆ ಬಿಟ್ಟು ಓಡಿದ್ದು. ಹೆತ್ತು ಬೀದಿಗೆ ಬಿಟ್ಟ ಹಾಗಾಯಿತು, ಅಲ್ವಾ?

ಇಲಿಮನೆ:
ನಾನು ಇಲ್ಲೇ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಇಲಿಗಳ ಜೊತೆ ಕೆಲಸ ಮಾಡುತ್ತೇನೆ. ಮೊರೊನನ್ನು ನಮ್ಮ ಜೊತೆ ಹೋಲಿಸಿದರೆ ಬೇಜಾರಾಗುತ್ತದೆ. ಅವನನ್ನು ಕೇಳುವವರೇ ಇರಲಿಲ್ಲ. ನಮ್ಮಲ್ಲಿ ಎಥಿಕ್ಸ್ ಕಮಿಟಿ ಒಪ್ಪದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಇಷ್ಟೇ ಇಲಿ ಯಾಕೆ, ಕಡಿಮೆ ಮಾಡಲಾಗದಾ, ನೋವಿಗೆ ಏನು ಕೊಡುತ್ತೀರಿ ಅಂತ ಕೇಳುತ್ತಾರೆ.

ಆದರೆ ಪ್ರೆಂಡಿಕ್ ಮಾತು ನನಗೆ ನೇರವಾಗಿ ನಾಟಿತು. ನಮ್ಮ ಕಿವಿಗೆ ಕೇಳಿಸುವುದು ಸುಮಾರು 20 ಕಿಲೋಹರ್ಟ್ಜ್‌ವರೆಗೆ. ದೊಡ್ಡ ಇಲಿ, ಅಂದರೆ ರ‍್ಯಾಟ್, ಹೆದರಿದಾಗ ಕೂಗುವುದು ಸುಮಾರು 22ರಲ್ಲಿ. ಅಂದರೆ ಕೋಣೆ ನಿಶ್ಶಬ್ದವಾಗಿದೆ ಅಂತ ನಮಗೆ ಅನಿಸುವಾಗ ಅದು ಕೂಗುತ್ತಿರಬಹುದು. ಅದಕ್ಕೇ ಬೆಳಿಗ್ಗೆ ಪಂಜರದ ಹತ್ತಿರ ಬಗ್ಗಿ ಮುಖ ನೋಡುತ್ತೇನೆ. ಸಣ್ಣ ಇಲಿ, ಅಂದರೆ ಮೌಸ್ ಆದರೆ, ಕಣ್ಣು ಕಿರಿದಾಗಿದೆಯಾ, ಕಿವಿ ಹಿಂದಕ್ಕೆ ಹೋಗಿದೆಯಾ, ಮೂಗಿನ ಮೇಲೆ ಉಬ್ಬು ಇದೆಯಾ. ಸಣ್ಣ ಇಲಿಗಳ ಮುಖ ನೋಡಿ ನೋವಿಗೆ ಅಂಕ ಕೊಡುವ ಪದ್ಧತಿ 2010ರಲ್ಲಿ ಬಂತು. ಅದಕ್ಕೂ ಮೊದಲು ಎಷ್ಟು ನೋವು ನಮ್ಮ ಕಣ್ಣು ತಪ್ಪಿಸಿತೋ ಅನ್ನುವುದು ನನ್ನ ತಲೆಯಿಂದ ಹೋಗುವುದಿಲ್ಲ.

ಅಮ್ಮನ ಮಗಳು:
ಕಮಿಟಿ ಇದ್ದರೆ ಸಾಕಾ? ಡೇನಿಯಲ್ ಕೀಸ್‌ನ ‘ಫ್ಲವರ್ಸ್ ಫಾರ್ ಆಲ್ಜರ್ನಾನ್’ ಓದಿ, 1959ರ ಕತೆ, 1966ರಲ್ಲಿ ಕಾದಂಬರಿಯಾಯಿತು. ಅಲ್ಲಿ ಯಾರೂ ರಾಕ್ಷಸರಲ್ಲ. ಬುದ್ಧಿ ಬೆಳೆಯದ ಚಾರ್ಲಿ ಅನ್ನುವವನಿಗೆ ಬುದ್ಧಿ ಬರಲಿ ಅಂತಲೇ ಆಪರೇಷನ್ ಮಾಡುತ್ತಾರೆ, ಅವನೂ ಆಸೆಯಿಂದ ಒಪ್ಪುತ್ತಾನೆ. ಕಾದಂಬರಿಯಲ್ಲಿ ಅನುಮತಿ ಕೊಡುವುದು ತಂಗಿ. ಕಳೆದುಕೊಳ್ಳುವುದು ಏನು ಅಂತ ಅವನಿಗೆ ಅರ್ಥವಾಗುವುದು ಬುದ್ಧಿ ಬಂದ ಮೇಲೆ, ಅವನಿಗಿಂತ ಮೊದಲು ಆಪರೇಷನ್ ಆದ ಇಲಿ ಕುಸಿಯುವುದನ್ನು ಕಂಡಾಗ.

ನನ್ನ ಅಮ್ಮನನ್ನು ಒಂದು ಔಷಧದ ಟ್ರಯಲ್‌ಗೆ ಸೇರಿಸಿ ಅಂದಿದ್ದರು. ಫಾರಂ ಪೂರ್ತಿ ಇಂಗ್ಲಿಷ್. ಅಮ್ಮನಿಗೆ ಕನ್ನಡ ಬಿಟ್ಟರೆ ಬೇರೆ ಓದಲು ಬರುವುದಿಲ್ಲ. ಒಬ್ಬ ಹುಡುಗ ಹಾಳೆ ತಿರುಗಿಸುತ್ತಾ ‘ಇಲ್ಲಿ, ಇಲ್ಲಿ, ಇಲ್ಲಿ’ ಅಂತ ಬೆರಳಿಟ್ಟ. ಅಮ್ಮ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು, ‘ಸೈನ್ ಹಾಕದಿದ್ರೆ ಡಾಕ್ಟ್ರು ಬೇಜಾರು ಮಾಡ್ಕೊಳ್ತಾರಾ?’ ರೋಗಿಗೆ ತಿಳಿಯುವ ಭಾಷೆಯಲ್ಲೇ ಹೇಳಬೇಕು ಅಂತ ನಮ್ಮ ನಿಯಮವೇ ಇದೆ. ಮನಸ್ಸಾರೆ ಕೊಟ್ಟ ಒಪ್ಪಿಗೆ ಇಲ್ಲದೆ ಪ್ರಯೋಗ ಕೂಡದು ಅಂತ 1947ರಲ್ಲೇ, ನಾಜಿ ವೈದ್ಯರ ವಿಚಾರಣೆ ನಡೆದ ನ್ಯೂರೆಂಬರ್ಗ್‌ನಲ್ಲಿ ಬರೆದಿಟ್ಟಿದ್ದಾರೆ. ಜಗಳ ಮಾಡಿ ಕನ್ನಡ ಪ್ರತಿ ತರಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಬೇಡ ಅಂದರು.

ಇಲಿಮನೆ:
ನೀವು ಮಾಡಿದ್ದು ಸರಿ. ಇಲಿಗೆ ಬೇಡ ಅನ್ನಲು ಆಗುವುದಿಲ್ಲ, ನಮ್ಮ ಹೊಣೆ ಇನ್ನೂ ಜಾಸ್ತಿ.

ಬಸವನಗುಡಿ ಓದುಗ:
ಎಲ್ಲರಿಗೂ ಥ್ಯಾಂಕ್ಸ್. ಮಗಳು ನನ್ನ ಹೆಗಲ ಮೇಲಿಂದ ಇಷ್ಟೂ ಓದಿದಳು, ಪುಸ್ತಕ ಎತ್ತಿಕೊಂಡು ಹೋಗಿಯೂ ಆಯಿತು. ಇಲಿಮನೆಯವರಿಗೆ ಅವಳದೊಂದು ಪ್ರಶ್ನೆ: ಆ 22 ಕಿಲೋಹರ್ಟ್ಜ್ ಹಿಡಿಯುವ ಮೈಕ್ ನಿಮ್ಮ ಲ್ಯಾಬಿನಲ್ಲಿ ಇದೆಯಾ?